ಅಂಜನಮ್ಮನಿಗೊಂದು ಫೋಟೋ

ವಿಜಯನಗರದ ಆ ಗ್ರಂಥಾಲಯದಲ್ಲಿ ಯಾರು ಏನು ಓದುತ್ತಾರೆ ಎನ್ನುವುದು ಕಸ ಗುಡಿಸುವ ಶೋಭಾರಾಣಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಪರೀಕ್ಷೆಗೆ ಓದುವ ಹುಡುಗರ ಪುಸ್ತಕಗಳ ಬೆನ್ನು ಹರಿದಿರುತ್ತಿತ್ತು. ಕಾದಂಬರಿಗಳ ಹಾಳೆಗಳ ನಡುವೆ ಬಸ್ ಟಿಕೆಟ್, ಹೇರ್‌ಪಿನ್, ಒಮ್ಮೊಮ್ಮೆ ಒಣಗಿದ ಕರಿಬೇವಿನೆಲೆ ಸಿಗುತ್ತಿತ್ತು. ಅಡುಗೆ ಪುಸ್ತಕಗಳನ್ನು ಹೆಚ್ಚಾಗಿ ಒಯ್ಯುತ್ತಿದ್ದವರು ರಿಟೈರಾದ ಗಂಡಸರು. ಓದುವವರು ಅವರು, ಮಾಡುವವರು ಮನೆಯಲ್ಲಿದ್ದರು. ಬೆಳಿಗ್ಗೆ ಪೇಪರಿಗೆಂದು ಬಂದ ಗಂಡಸರು ಮಧ್ಯಾಹ್ನದವರೆಗೂ ಕುರ್ಚಿ ಬಿಡುತ್ತಿರಲಿಲ್ಲ. ಹೆಂಗಸರು ಮಾತ್ರ ಪಾತ್ರೆ ತೊಳೆದಾದ ಮೇಲೆ, ಸ್ಕೂಲು ಬಿಡುವುದಕ್ಕೆ ಮುಂಚೆ ಬಂದು, ನಿಂತುಕೊಂಡೇ ಪುಸ್ತಕ ಆರಿಸಿ ಓಡುತ್ತಿದ್ದರು.

ಹಿಂದಿನ ಕಿಟಕಿಯ ಪಕ್ಕದ ಕಪಾಟೊಂದರಲ್ಲಿ ಮಾತ್ರ ಧೂಳು ಬಿಟ್ಟರೆ ಏನೂ ಸಿಗುತ್ತಿರಲಿಲ್ಲ.

“ಇದ್ಯಾವುದು ಮೇಡಂ, ಯಾರೂ ಮುಟ್ಟೋದೇ ಇಲ್ಲ?” ಎಂದು ಒಮ್ಮೆ ಲೈಬ್ರೇರಿಯನ್ ಹೇಮಶ್ರೀಯನ್ನು ಕೇಳಿದಳು.

“ಸಮಾಜಶಾಸ್ತ್ರ, ಶೋಭಕ್ಕ. ಜನ ಹೆಂಗೆ ಬದುಕ್ತಾರೆ ಅಂತ ಬರೆದಿರೋದು.”

“ಬದುಕ್ತಾ ಇರೋರಿಗೆ ಪುರುಸೊತ್ತೆಲ್ಲಿದೆ ಬಿಡಿ.”

ಹೇಮಶ್ರೀ ನಕ್ಕಳು. ಆದರೆ ಅಂದಿನಿಂದ ಶೋಭಾರಾಣಿ ಆ ಕಪಾಟು ಒರೆಸುವಾಗ ದಿನಕ್ಕೊಂದು ಪುಸ್ತಕ ತೆರೆಯತೊಡಗಿದಳು. ಓದಿದ್ದು ಏಳನೇ ಕ್ಲಾಸು. ಉದ್ದುದ್ದ ಮಾತುಗಳು ಅರ್ಥವಾಗುತ್ತಿರಲಿಲ್ಲ, ಪಟ್ಟಿಗಳು ಆಗುತ್ತಿದ್ದವು. ಒಂದು ಪಟ್ಟಿಯಲ್ಲಿ ಗಾರೆ ಕೆಲಸದವರು, ಗುಮಾಸ್ತರು, ಹೂವು ಮಾರುವವರು ಎಲ್ಲರೂ ಇದ್ದರು. ಕೊನೆಯ ಸಾಲು ‘ಕೆಲಸವಿಲ್ಲದವರು’. ಅದರಡಿ ಮುದುಕರು, ಮಕ್ಕಳು, ಗೃಹಿಣಿಯರು. ಅವತ್ತು ಬೆಳಗಿನ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟಿ, ಎರಡು ಬಕೆಟ್ ಬಟ್ಟೆ ಹಿಂಡಿ ಬಂದಿದ್ದ ಶೋಭಾರಾಣಿ ಧೂಳು ಬಟ್ಟೆ ಹಿಡಿದುಕೊಂಡೇ ಜೋರಾಗಿ ನಕ್ಕುಬಿಟ್ಟಳು. ಪೇಪರ್ ಓದುತ್ತಿದ್ದವರೊಬ್ಬರು ಕನ್ನಡಕದ ಮೇಲಿಂದ ಗುರಾಯಿಸಿದರು.

ಆ ಫೋಟೋ ಸಿಕ್ಕಿದ್ದು ಶ್ರಾವಣ ಕಳೆದ ಮೇಲೆ. ಕುರುಬರಹಳ್ಳಿಯ ಮನೆಗಳಲ್ಲಿ ಊದುಬತ್ತಿ ಹೊಸೆಯುವ ಹೆಂಗಸರ ಬಗ್ಗೆ ನಲವತ್ತು ವರ್ಷದ ಹಿಂದೆ ಯಾರೋ ಕಾಲೇಜಿನವರು ಬರೆದ ತೆಳು ಪುಸ್ತಕ. ನಡುವಿನ ಕಪ್ಪುಬಿಳುಪು ಚಿತ್ರದಲ್ಲಿ ಹೊಸ್ತಿಲ ಬಳಿ ಮಣೆ ಮುಂದಿಟ್ಟುಕೊಂಡು ಕೂತ ಒಬ್ಬ ಹೆಂಗಸು, ಕಪ್ಪು ಮೆತ್ತಿದ ಅಂಗೈ, ಅಗಲ ಹಣೆ, ತೊಡೆಯ ಮೇಲೆ ಬೋಳುತಲೆಯ ಮಗು. ಕೆಳಗೆ ಬರೆದಿತ್ತು: ‘ಮಗುವಿನೊಂದಿಗೆ ಊದುಬತ್ತಿ ಹೊಸೆಯುತ್ತಿರುವ ತಾಯಿ.’

ಬಾಗಿಲ ಪಕ್ಕದ ಒಡೆದ ಚಪ್ಪಡಿ ಕಂಡ ಕೂಡಲೇ ಶೋಭಾರಾಣಿ ನೆಲದ ಮೇಲೆ ಕುಳಿತಳು. ಹುಟ್ಟಿದ ಮನೆಯಲ್ಲಿ ಹತ್ತು ವರ್ಷ ಅವಳು ಎಡವಿದ ಚಪ್ಪಡಿ ಅದು. ಆ ಮನೆಯಲ್ಲಿ ಇದ್ದ ಮಗು ಅವಳೊಬ್ಬಳೇ. ಅವಳಿಗೆ ಮೂರು ತುಂಬುವ ಮೊದಲೇ ಅವ್ವ ಅಂಜನಮ್ಮ ಎರಡನೇ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡವಳು. ಮದುವೆ ಫೋಟೋ ಇಲ್ಲ, ಆಮೇಲೂ ಯಾರೂ ತೆಗೆಸಲಿಲ್ಲ. ಮುಖ ಹೇಗಿತ್ತೆಂದು ಶೋಭಾರಾಣಿಗೆ ನೆನಪೇ ಇರಲಿಲ್ಲ.

ಹೇಮಶ್ರೀ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಳಿಸಿದಳು. ಮಾರ್ಕೆಟ್ ರಸ್ತೆಯ ಸ್ಟುಡಿಯೋದವನು ದೊಡ್ಡದು ಮಾಡಿ, ಮಗುವಿದ್ದ ಭಾಗ ಕತ್ತರಿಸಿ, ಹೆಂಗಸಿನ ಮುಖ ಮಾತ್ರ ಫ್ರೇಮು ಹಾಕಿಕೊಟ್ಟ.

ಗಂಡ ಸಿದ್ದೇಶ ಪ್ರತಿ ಮಹಾಲಯ ಅಮಾವಾಸ್ಯೆಗೂ ತನ್ನ ಅಪ್ಪ ಅಮ್ಮನ ಫೋಟೋಗಳ ಮುಂದೆ ಎಡೆ ಇಡುತ್ತಿದ್ದ. ಇಡುವುದು ಅವನು, ಎಡೆಗೆ ಬೇಕಾದ ಹನ್ನೊಂದು ಬಗೆಯನ್ನೂ ಬೇಯಿಸುವುದು ಶೋಭಾರಾಣಿ. ನಮ್ಮವ್ವನಿಗೂ ಒಂದೆಲೆ ಹಾಕೋಣ ಅಂತ ಅವಳು ಕೇಳಿದಾಗಲೆಲ್ಲ ಅವನದ್ದು ಒಂದೇ ಮಾತು: “ಫೋಟೋನೇ ಇಲ್ಲ, ಯಾರ್ ಮುಂದೆ ಇಡ್ತೀಯಾ?” ಈ ಸಲ ಫ್ರೇಮು ಮುಂದೆ ಹಿಡಿದಾಗ ಅವನು ಅದನ್ನು ಕೈಗೆ ತೆಗೆದುಕೊಂಡ. ಆಮೇಲೆ ತಾನೇ ಗೋಡೆಗೆ ಮೊಳೆ ಹೊಡೆದ.

ಅಮಾವಾಸ್ಯೆಯ ದಿನ ನಸುಕಿಗೇ ಒಲೆ ಹಚ್ಚಿದಳು. ಮಾವನಿಗೆ ಕಡಲೆಬೇಳೆ ವಡೆ, ಅತ್ತೆಗೆ ಎಳ್ಳುಂಡೆ. ಇಪ್ಪತ್ತು ವರ್ಷ ಬಡಿಸಿದವಳಿಗೆ ಅವರ ರುಚಿ ಕೈಗೇ ಗೊತ್ತಿತ್ತು. ಅವ್ವನಿಗೆ ಏನಿಷ್ಟ? ತುಂಬಾ ಹೊತ್ತು ಸಟ್ಟುಗ ಹಿಡಿದು ನಿಂತಳು. ಕೊನೆಗೆ ತನಗೆ ಇಷ್ಟವಾದ ಗಸಗಸೆ ಪಾಯಸ ಮಾಡಿದಳು. ಮೂರು ಎಲೆ ಹಾಕಿ, ಅವ್ವನ ಫೋಟೋಗೆ ಮಲ್ಲಿಗೆ ಹಾರ ಹಾಕಿ, ಗಾಜಿನ ಮೇಲೆ ಕುಂಕುಮ ಇಟ್ಟಳು.

ಅವ್ವನ ಅಕ್ಕ ಮುನಿಲಕ್ಷ್ಮಮ್ಮ ಸುಂಕದಕಟ್ಟೆಯಿಂದ ಆಟೋದಲ್ಲಿ ಬಂದು ಇಳಿದಾಗ ಹನ್ನೊಂದಾಗಿತ್ತು. ಮಂಡಿ ಹಿಡಿದುಕೊಂಡು ಒಳಗೆ ಬಂದ ಮುದುಕಿ ಗೋಡೆ ನೋಡಿ ಗಕ್ಕನೆ ನಿಂತಳು.

“ಏನೇ ಶೋಭಾ ಇದು?”

“ಅವ್ವ, ದೊಡ್ಡಮ್ಮ. ಲೈಬ್ರರಿ ಪುಸ್ತಕದಾಗೆ ಸಿಕ್ತು. ನೀನು ಬಂದಾಗ್ಲೇ ತೋರಿಸೋಣ ಅಂತ...”

“ಅಯ್ಯೋ ನಿನ್ ಮನೆ ಹಾಳಾಗ! ಬದುಕಿರೋಳಿಗೆ ಹಾರ ಹಾಕಿದ್ಯಲ್ಲೇ!” ದೊಡ್ಡಮ್ಮ ಎದೆ ಹಿಡಿದುಕೊಂಡು ನಕ್ಕಳು. “ಅದು ನಾನು ಕಣೇ.”

ದೊಡ್ಡಮ್ಮ ಒಬ್ಬಳೇ ಇನ್ನೂ ಸ್ವಲ್ಪ ಹೊತ್ತು ನಕ್ಕು, ಶೋಭಾರಾಣಿಯ ಮುಖ ನೋಡಿ ನಿಲ್ಲಿಸಿದಳು.

“ಆ ಮನೆ ನಮ್ದು ದೊಡ್ಡಮ್ಮ. ಮಗು ನಾನು.”

“ಮಗು ನೀನೇ. ಮನೆನೂ ನಿಮ್ದೇ. ಫೋಟೋದಾಗೆ ಕೂತಿರೋಳು ನಾನು. ಅವತ್ತು ಬ್ಯಾಗ್ ಹಾಕ್ಕೊಂಡು ನಾಲ್ಕು ಜನ ಬಂದ್ರು. ಹೆಂಗಸ್ರ ಕೆಲಸ ಬರ್ಕೋತೀವಿ ಅಂದ್ರು. ಮೊದ್ಲು ಮಣೆ ಮುಂದೆ ಕೂತಿದ್ದೋಳು ನಿಮ್ಮವ್ವನೇ. ಮನೆಗೆ ಬಂದೋರ್‌ನ ಬರೀ ಬಾಯಲ್ಲಿ ಕಳಿಸೋಕಾಗುತ್ತಾ ಅಂತ ನಿನ್ನ ನನ್ ತೊಡೆ ಮೇಲೆ ಹಾಕಿ, ಕೈ ತೊಳ್ಕೊಂಡು ಒಳಗೆ ಹೋದ್ಲು. ಅವ್ರಿಗೆ ಕಾಫಿ ಕಾಯ್ಸಕ್ಕೆ. ಅವಳ ಬದ್ಲು ನಾನು ಹೊಸೀತಾ ಕೂತೆ, ಅಷ್ಟ್ರಲ್ಲಿ ಇವ್ರು ಫೋಟೋ ಹೊಡ್ದ್ರು.”

ಶೋಭಾರಾಣಿ ಮೊಳೆಯಿಂದ ಫ್ರೇಮು ಇಳಿಸಿದಳು. ಹಾರ ತೆಗೆದು, ಗಾಜಿನ ಮೇಲಿನ ಕುಂಕುಮವನ್ನು ಸೆರಗಿನಿಂದ ಒರೆಸಿದಳು. ಅದು ಪೂರ್ತಿ ಹೋಗದೆ ಗಾಜಿಗೆಲ್ಲ ಹರಡಿಕೊಂಡಿತು.

“ಮತ್ತೆ ಅವ್ವ ಹೆಂಗಿದ್ಲು ದೊಡ್ಡಮ್ಮ?”

ದೊಡ್ಡಮ್ಮ ಕಣ್ಣು ಮುಚ್ಚಿದಳು. ತುಟಿ ಅಲುಗಿತು.

“ಮುಖ ಬರ್ತಾ ಇಲ್ಲ ಕಣವ್ವ,” ಎಂದಳು ಕೊನೆಗೆ, ತಪ್ಪು ಮಾಡಿದವಳಂತೆ. “ಕೆಂಪಗಿದ್ಲು ಅನ್ನು. ಇನ್ನೇನು... ಒಳಗಿಂದ ಕೂಗಿದ್ದು ಮಾತ್ರ ಕಿವೀಲೇ ಇದೆ. ‘ಅಕ್ಕಾ, ಅವ್ರಿಗೆ ಬೆಲ್ಲದ ಕಾಫಿ ಆಗುತ್ತಾ ಕೇಳೇ’ ಅಂದ್ಲು. ಸಕ್ಕರೆ ಇರ್ಲಿಲ್ಲ.”

ಸಿದ್ದೇಶ ಗಂಟಲು ಸರಿಮಾಡಿಕೊಂಡು, ಮೂರನೆಯ ಎಲೆಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ: “ಹಂಗಾದ್ರೆ ಈ ಎಲೆ ತೆಗೆದುಬಿಡ್ಲಾ?”

“ಮುಟ್ಟಬೇಡಿ.”

ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಆ ಮನೆ ಕೇಳಿರಲಿಲ್ಲ. ಸಿದ್ದೇಶ ಹಿಂದೆ ಸರಿದ. ಅವಳು ಬರೀ ಮೊಳೆಯಿದ್ದ ಗೋಡೆಯ ಮುಂದೆ, ಎಲೆಯ ಎದುರಿಗೆ ಕಾಲು ಮಡಿಸಿ ಕುಳಿತಳು.

“ಇನ್ನೊಂದ್ಸಲ ಹೇಳು ದೊಡ್ಡಮ್ಮ. ಅವಳು ಕೂಗಿದಂಗೇ ಕೂಗು.”

ಮುದುಕಿ ಹೇಳಿದಳು. ಶೋಭಾರಾಣಿ ತಲೆಯಾಡಿಸಿದಳು, ಹಾಗಲ್ಲ ಎನ್ನುವಂತೆ. ಅವ್ವ ಹೇಗೆ ಕೂಗಿದ್ದಳೆಂದು ಅವಳಿಗೇನು ಗೊತ್ತು. ದೊಡ್ಡಮ್ಮ ಗಂಟಲು ಎತ್ತರಿಸಿ, ಅವಸರದ, ಸಣ್ಣ ದನಿ ಮಾಡಿಕೊಂಡು ಮತ್ತೆ ಕೂಗಿದಳು. ಮೂರನೆಯ ಸಲ ಮುದುಕಿಗೆ ‘ಅಕ್ಕಾ’ ಎನ್ನುವುದರಾಚೆ ಹೋಗಲಾಗಲಿಲ್ಲ. ಪಾಯಸದ ಮೇಲೆ ಕೆನೆ ಕಟ್ಟತೊಡಗಿತ್ತು.