ದಾರಿಯಲ್ಲಿರುವವರ ತಟ್ಟೆ

ಡಿಸೆಂಬರ್ 24, ಸಂಜೆ ಐದೂಮುಕ್ಕಾಲು. ದೇವರಾಯಸಮುದ್ರ, ನಮ್ಮ ಮನೆ.

ಅಮ್ಮ ಒಳಗೆ ಗಸಗಸೆ ಹುರಿಯುತ್ತಿದ್ದಾಳೆ. ಆ ವಾಸನೆ ಬಂದ ಕೂಡಲೇ ಬರೆಯಲು ಕುಳಿತೆ. ತಾರೀಖು, ಗಂಟೆ, ಜಾಗ ಮೊದಲು ಬರೆ, ಮನಸ್ಸಿನಲ್ಲಿದ್ದದ್ದನ್ನು ಆಮೇಲೆ ಬರೆ ಎಂದು ನನಗೆ ದಿನಚರಿ ಕಲಿಸಿದವಳು ಪೋಲೆಂಡಿನ ಅಕ್ಕ. ಇವತ್ತಿನ ಪಾಳಿಗೆ ರಜೆ ಹಾಕಿದ್ದೇನೆ. ನರಸಾಪುರದ ಕಂಪನಿ ಬಸ್ಸು ನನ್ನನ್ನು ಬಿಟ್ಟೇ ಹೋಗಿದೆ. ಈ ಒಂದು ಸಂಜೆ ಮನೆಯಲ್ಲಿರಬೇಕು ಅನ್ನಿಸಿತು.

ಆಗ ನಾನು ಎಂಟನೇ ತರಗತಿ. ನಮ್ಮ ಸರ್ಕಾರಿ ಶಾಲೆಯಲ್ಲಿ ಸಂಬಳವಿಲ್ಲದೆ ಆರು ತಿಂಗಳು ಇಂಗ್ಲಿಷ್ ಹೇಳಿಕೊಡಲು ಪೋಲೆಂಡ್ ದೇಶದಿಂದ ಅವಳು ಬಂದಿದ್ದಳು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಳಿದುಕೊಂಡಳು. ನನಗೆ ಅವಳು ಅಕ್ಕ. ಅರ್ಧ ಮಾತನ್ನು ತೆಲುಗಿನಲ್ಲೇ ಆಡುತ್ತಿದ್ದ ನಮ್ಮಜ್ಜಿಗೆ ಅವಳ ಬಿಳುಪೇ ಹೆಸರಾಗಿ ‘ತೆಲ್ಲಮ್ಮಾಯಿ’.

“ಮುದ್ದೆ ಅಗೀಬಾರ್ದಮ್ಮಾ ತೆಲ್ಲಮ್ಮಾಯಿ, ನುಂಗ್ಬೇಕು. ಹಲ್ಲಿಗೆ ಕೆಲ್ಸ ಇಲ್ಲ ಅದ್ರಲ್ಲಿ,” ಎಂದು ಅಜ್ಜಿ ಹೇಳಿಕೊಡುತ್ತಿದ್ದಳು.

“ನಿಮ್ಗೆ ಹಲ್ಲು ಇಲ್ಲ ಅಜ್ಜಿ, ಅದಕ್ಕೆ ಹೇಳ್ತೀರ,” ಎಂದು ಅಕ್ಕ ತನ್ನ ಮುರುಕು ಕನ್ನಡದಲ್ಲಿ ತಿರುಗಿಸಿ ಹೇಳಿದ ದಿನ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಎಷ್ಟೋ ಹೊತ್ತು ನಕ್ಕಳು.

ನಡುಮನೆಯ ಗೋಡೆಗೆ ಅಂಟಿಕೊಂಡೇ ನಮ್ಮ ಹುಳದ ಮನೆ ಇತ್ತು. ರೇಷ್ಮೆ ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆ ಮಳೆಯ ಹಾಗೆ ಹಗಲು ರಾತ್ರಿ ಕೇಳಿಸುತ್ತದೆ. ಮೊದಮೊದಲು ಅಕ್ಕನಿಗೆ ಅದರಿಂದ ನಿದ್ದೆ ಬರುತ್ತಿರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಆ ಸದ್ದಿಲ್ಲದೆ ನಿದ್ದೆ ಬರದಂತಾಯಿತು.

ಡಿಸೆಂಬರ್ ಬಂದಂತೆ ಅವಳು ಮಂಕಾದಳು. ಕ್ರಿಸ್‌ಮಸ್ ಹಬ್ಬಕ್ಕೆ ಊರಿಗೆ ಹೋಗುವಷ್ಟು ಹಣವಿರಲಿಲ್ಲ. ಅವಳ ಹಾಗೆ ಬೇರೆ ಊರುಗಳಿಗೆ ಬಂದಿದ್ದ ಗೆಳತಿಯರು ಗೋವಾಕ್ಕೆ ಹೊರಟು ಕರೆದರೂ ಹೋಗಲಿಲ್ಲ. ನಮ್ಮ ಮನೆಯ ಹಬ್ಬವನ್ನು ಈ ಸಲ ನಿಮ್ಮ ಮನೆಯಲ್ಲಿ ಮಾಡಲೇ ಎಂದು ಅಮ್ಮನನ್ನು ಕೇಳಿದಳು. ಮುಳಬಾಗಿಲಿನ ಅಂಗಡಿಯಲ್ಲಿ ಗಸಗಸೆ ಸಿಕ್ಕಿದ್ದಕ್ಕೆ ಅವಳಿಗೆ ಆದ ಸಂತೋಷ ನೋಡಿ ಅಂಗಡಿಯವರೂ ನಕ್ಕಿದ್ದರು. ಗೋಧಿ, ಗಸಗಸೆ, ಜೇನುತುಪ್ಪ ಸೇರಿಸಿ ಅವರ ಊರಲ್ಲಿ ಆ ಸಂಜೆ ಒಂದು ಸಿಹಿ ಮಾಡುತ್ತಾರಂತೆ. ನೋಡಿದರೆ ಅದು ನಮ್ಮ ಪಾಯಸವೇ, ಸ್ವಲ್ಪ ಗಟ್ಟಿ ಅಷ್ಟೆ. ಅಪ್ಪನ ಹತ್ತಿರ ಎರಡು ಹಿಡಿ ಹುಲ್ಲು ಕೇಳಿದಳು.

“ನಡುಮನೇಲಿ ಹಸು ಕಟ್ತೀಯೇನಮ್ಮಾ?” ಎಂದು ಅಪ್ಪ ರೇಗಿಸುತ್ತಲೇ ಬಣವೆಯಿಂದ ರಾಗಿ ಹುಲ್ಲು ತಂದುಕೊಟ್ಟರು.

ಆ ಸಂಜೆ ಅವಳು ಮಾಳಿಗೆಯ ಮೇಲೆ ನಿಂತು ಮೊದಲ ನಕ್ಷತ್ರಕ್ಕಾಗಿ ಕಾದಳು. ಅದು ಕಂಡ ಮೇಲೆಯೇ ಊಟವಂತೆ. ಕೆಳಗಿಳಿದು ಬಂದು, ತಮ್ಮ ದೇವರು ಹುಟ್ಟಿದ ಕೊಟ್ಟಿಗೆಯ ನೆನಪಿಗೆಂದು ನಡುಮನೆಯ ನೆಲಕ್ಕೆ ಹುಲ್ಲು ಹರಡಿ, ಅದರ ಮೇಲೆ ಅಪ್ಪನ ಒಗೆದ ಬಿಳಿ ಪಂಚೆ ಹಾಸಿದಳು. ಸುತ್ತ ಮಣೆ ಹಾಕಿ ತಟ್ಟೆ ಇಟ್ಟಳು. ಅಪ್ಪ, ಅಮ್ಮ, ಅಜ್ಜಿ, ನಾನು, ಅವಳು... ನಾನು ಎಣಿಸಿದೆ. ಒಂದು ಹೆಚ್ಚಿಗೆ ಇತ್ತು.

“ಇದು ಯಾರಿಗೆ ಅಕ್ಕ?”

“ದಾರಿಯಲ್ಲಿ ಇರುವವರಿಗೆ. ಯಾರು ಬೇಕಾದ್ರೂ ಬರಬಹುದು. ನಾನು ನನ್ನ ತಮ್ಮನ್ನ ನೆನೆಸ್ಕೊಂಡು ಇಟ್ಟೆ.”

ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹುಲ್ಲಿನ ಮೇಲೆ ಬಿಳಿ ಬಟ್ಟೆ. ಗಸಗಸೆ ಪಾಯಸ. ಯಾರೂ ಕೂರದ ಮಣೆಯ ಮುಂದೆ ಬಡಿಸಿದ ತಟ್ಟೆ. ನಮ್ಮ ಕಡೆ ಇವೆಲ್ಲ ಒಟ್ಟಿಗೆ ಕಾಣುವುದು ಒಂದೇ ಕಾರಣಕ್ಕೆ. ಅಜ್ಜಿಯ ಮುಖ ಮೆತ್ತಗಾಯಿತು. ಆ ತಮ್ಮ ತೀರಿಕೊಂಡಿದ್ದಾನೆ ಎಂದೇ ತಿಳಿದಳು. ದೀಪ ತಂದು ಆ ತಟ್ಟೆಯ ಮುಂದೆ ಹಚ್ಚಿಟ್ಟು, “ಎಲ್ಲ ಆಚೆ ನಡೀರಿ,” ಎಂದು ನಮ್ಮನ್ನು ಜಗಲಿಗೆ ಕಳಿಸಿ, ತಾನೂ ಹೊರಬಂದು ಬಾಗಿಲು ಎಳೆದುಕೊಂಡಳು.

ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ನಾವು ಮಾಡುವುದು ಹೀಗೆಯೇ. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಬಡಿಸಿ ಬಾಗಿಲು ಮುಚ್ಚಿ ಹೊರಗೆ ಕಾಯುತ್ತೇವೆ. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಮೂರು ಸಲ ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ತಟ್ಟದೆ ನುಗ್ಗಿದರೆ ಉಣ್ಣುವವರನ್ನು ಅರ್ಧಕ್ಕೆ ಎಬ್ಬಿಸಿದಂತೆ.

ಅಕ್ಕ ಇದೂ ಹಬ್ಬದ ಒಂದು ಭಾಗವೆಂದುಕೊಂಡು ನಗುತ್ತ ನಿಂತಿದ್ದಳು. ಒಳಗಿನಿಂದ ಮೇಯುವ ಸದ್ದು ಸಣ್ಣಗೆ ಕೇಳಿಸುತ್ತಿತ್ತು. “ಹುಳುಗಳಿಗೂ ಹಬ್ಬದ ಊಟ,” ಎಂದಳು.

ಅಪ್ಪ ತಲೆಯೆತ್ತಿ ಗೋಡೆಯ ಕಡೆ ನೋಡಿದರು. “ಹುಳ ಜ್ವರಕ್ಕೆ ಕೂತವೆ,” ಎಂದರು. “ಬೆಳಗ್ಗೆಯಿಂದ ಸೊಪ್ಪೇ ಹಾಕಿಲ್ಲ.”

ಪೊರೆ ಬಿಡುವ ಮುಂಚೆ ರೇಷ್ಮೆ ಹುಳು ತಲೆಯೆತ್ತಿ ಕಲ್ಲಿನಂತೆ ಕೂತುಬಿಡುತ್ತದೆ, ಎಲೆ ಮುಟ್ಟುವುದಿಲ್ಲ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಹುಳದ ಮನೆಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತದೆ. ಆದರೂ ಬಾಗಿಲಾಚೆ ಆ ಸದ್ದು ನಿಲ್ಲಲಿಲ್ಲ. ನಿಧಾನವಾಗಿ, ಒಂದೇ ಬಾಯಿ ಅಗಿದ ಹಾಗೆ...

ಅಕ್ಕ ನನ್ನ ಕೈ ಹಿಡಿದು ಏನು ನಡೆಯುತ್ತಿದೆ ಎಂದು ಕೇಳಿದಳು. ನನ್ನ ಶಾಲೆಯ ಇಂಗ್ಲಿಷಿನಲ್ಲಿ ಹೇಳಿದೆ: ಸತ್ತವರು ಊಟ ಮಾಡುತ್ತಿದ್ದಾರೆ.

ಅವಳು ಅಜ್ಜಿಯ ಕಡೆ ತಿರುಗಿದಳು. “ನನ್ನ ತಮ್ಮ ಇದ್ದಾನೆ ಅಜ್ಜಿ. ಹಡಗಿನಲ್ಲಿ ಕೆಲಸ. ಇದ್ದಾನೆ, ಸತ್ತಿಲ್ಲ,” ಎನ್ನುತ್ತ ಬಾಗಿಲ ಮೇಲೆ ಕೈಯಿಟ್ಟಳು.

“ತಟ್ಟಮ್ಮಾ, ತಟ್ಟಿ ತೆಗಿ,” ಎಂದು ಅಜ್ಜಿ ಅನ್ನುವಷ್ಟರಲ್ಲಿ ಅವಳು ದೂಡಿಬಿಟ್ಟಿದ್ದಳು. ಸದ್ದು ನಿಂತಿತು.

ಒಳಗೆ ಯಾರೂ ಇರಲಿಲ್ಲ. ದೀಪ ಉರಿಯುತ್ತಿತ್ತು. ಪಾಯಸದ ಮೇಲೆ ಕೆನೆ ಹಾಗೆಯೇ ಇತ್ತು. ಆರನೆಯ ಮಣೆ ಮಾತ್ರ ಪಂಚೆಯಿಂದ ಹಿಂದಕ್ಕೆ ಸರಿದು ಓರೆಯಾಗಿತ್ತು, ಊಟದ ಮಧ್ಯೆ ಯಾರೋ ಅವಸರದಲ್ಲಿ ಎದ್ದ ಹಾಗೆ. “ಬೆಕ್ಕು ಇರಬೇಕು,” ಎಂದರು ಅಪ್ಪ. ಆ ಸಂಜೆ ನಾವು ನಾಲ್ವರೇ ಉಂಡೆವು. ಅಕ್ಕ ಉಣ್ಣಲಿಲ್ಲ. ಫೋನು ಹಿಡಿದು ಮಾಳಿಗೆಗೂ ಕೆಳಕ್ಕೂ ಓಡಾಡಿದಳು. ಹಡಗಿಗೆ ಕರೆ ಹೋಗಲಿಲ್ಲ.

ಮರುದಿನ ಮಧ್ಯಾಹ್ನ ತಮ್ಮನೇ ಕರೆ ಮಾಡಿದ. ಚೆನ್ನಾಗಿದ್ದ, ನಗುತ್ತಿದ್ದ. ಅಕ್ಕ ಅಳುತ್ತಲೇ ಫೋನನ್ನು ಅಜ್ಜಿಯ ಕಿವಿಗೆ ಹಿಡಿದಳು. ಅಜ್ಜಿ ಅವನ ದನಿ ಕೇಳಿ ಕೈಮುಗಿದಳು. ಆದರೆ ಅವಳ ಮುಖದ ಚಿಂತೆ ಹೋಗಲಿಲ್ಲ.

“ಅವನಲ್ದಿದ್ರೆ ಇನ್ಯಾರೋ ಬಂದಿದ್ರು,” ಎಂದಳು. “ದಾರೀಲಿರೋರು ಯಾರಾದ್ರೂ ಬನ್ನಿ ಅಂತ ಇಟ್ಟೋಳು ನೀನು. ಬಾಗಿಲು ಮುಚ್ಚಿದೋಳು ನಾನು. ಇಬ್ರೂ ಸೇರಿ ಅರ್ಧ ಹೊಟ್ಟೇಲಿ ಎಬ್ಬಿಸಿಬಿಟ್ವಿ.”

“ಈಗ ಏನು ಮಾಡಬೇಕು ಅಜ್ಜಿ?”

“ನೀನು ಹೋದ ಕಡೆ ಬರ್ತಾರೆ. ಉಣ್ಣೋ ಮುಂಚೆ ಒಂದು ತುತ್ತು ಪಕ್ಕಕ್ಕಿಡ್ತಿರು. ಇನ್ನೇನ್ ಮಾಡಕ್ಕಾಗುತ್ತೆ?”

ಅಕ್ಕ ನಕ್ಕಳು. ಆದರೆ ಅಂದಿನಿಂದ ಪ್ರತಿ ಊಟಕ್ಕೂ ತಟ್ಟೆಯ ಅಂಚಿಗೆ ಒಂದು ತುತ್ತು ಇಡುತ್ತಿದ್ದುದನ್ನು ನಾನು ನೋಡಿದ್ದೇನೆ. ಸಂಕ್ರಾಂತಿ ಕಳೆದ ಮೇಲೆ ಅವಳು ಹೊರಟಳು. ಎಳ್ಳುಬೆಲ್ಲದ ಪೊಟ್ಟಣ ಕೊಟ್ಟು ಹೆದ್ದಾರಿಯಲ್ಲಿ ಬಸ್ಸು ಹತ್ತಿಸಿದೆವು. ಪಕ್ಕದ ಸೀಟು ಖಾಲಿಯಿತ್ತು. ಅಷ್ಟು ದೊಡ್ಡ ಬ್ಯಾಗನ್ನು ಅದರ ಮೇಲಿಡದೆ ತೊಡೆಯ ಮೇಲೆಯೇ ಹೊತ್ತುಕೊಂಡು ಕೈ ಬೀಸಿದಳು.

ಆಮೇಲೆ ಪ್ರತಿ ಡಿಸೆಂಬರ್ 24ಕ್ಕೆ ಅವಳಿಂದ ಒಂದು ಫೋಟೋ ಬರುತ್ತಿತ್ತು. ಬಿಳಿ ಬಟ್ಟೆ ಹಾಸಿದ ಮೇಜು, ಮನೆಯವರು, ಎದುರಿಗೆ ಖಾಲಿ ಕುರ್ಚಿ, ಅದರ ಮುಂದೊಂದು ತಟ್ಟೆ. ತನ್ನ ಜಾಗದಲ್ಲಿ ಕುಳಿತೇ ತೆಗೆಯುತ್ತಿದ್ದುದರಿಂದ ಅವಳು ಮಾತ್ರ ಕಾಣುತ್ತಿರಲಿಲ್ಲ. ನಾನು ತಟ್ಟೆಗಳನ್ನು ಎಣಿಸಿ ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಹೀಗೆ ಐದು ಫೋಟೋ ಬಂದವು. ಐದನೆಯದನ್ನು ಮಾತ್ರ ಖಾಲಿ ತಟ್ಟೆಯ ಕಡೆಯಿಂದ ತೆಗೆಯಲಾಗಿತ್ತು. ಎದುರಿಗೆ ಅವಳ ಕುರ್ಚಿ ಕಾಣುತ್ತಿತ್ತು. ಅದರಲ್ಲಿ ಯಾರೂ ಇರಲಿಲ್ಲ. ಎದ್ದು ಆ ಕಡೆ ಹೋಗಿ ತೆಗೆದಿರಬಹುದು. ಬೇರೆ ಯಾರೋ ತೆಗೆದಿರಲೂಬಹುದು... ಕೆಳಗೆ ಅವಳು ಯಾವಾಗಲೂ ಬರೆಯುತ್ತಿದ್ದ ಎರಡು ಸಾಲು ಇರಲಿಲ್ಲ. ಕಳೆದ ಎರಡು ಡಿಸೆಂಬರ್‌ಗಳಲ್ಲಿ ಏನೂ ಬರಲಿಲ್ಲ. ನಾನು ಕಳಿಸಿದ ಸಂದೇಶಗಳು ತಲುಪಿದ ಗುರುತೂ ಇಲ್ಲ.

ಈ ನಡುವೆ ಅಜ್ಜಿಯೂ ಹೋದಳು. ಈ ಸಲ ಪಿತೃಪಕ್ಷದಲ್ಲಿ ಅವಳಿಗೆ ಮುದ್ದೆ, ಸೊಪ್ಪಿನ ಸಾರು ಎಡೆ ಇಟ್ಟು ಬಾಗಿಲು ಮುಚ್ಚುವಾಗ ಅಮ್ಮ ಮೆಲ್ಲಗೆ, “ಆ ಹುಡುಗೀಗೂ ಒಂದು ಇಟ್ಬಿಡೋಣ ಕಣೇ. ಹಸ್ಕೊಂಡಿರ್ತಾಳೆ,” ಎಂದಳು.

“ಬದುಕಿದ್ರೆ?” ಎಂದೆ.

ಅಮ್ಮ ಕೈಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಬದುಕಿರುವವರ ತಟ್ಟೆಗೆ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆ ಒಮ್ಮೆ ನೋಡಿದೆ.

ಈಗ ಆರೂವರೆ. ಮೊದಲ ನಕ್ಷತ್ರ ಕಂಡಿದೆ. ಫೋನಿಗೆ ಏನೂ ಬಂದಿಲ್ಲ. ನಡುಮನೆಯಲ್ಲಿ ಒಂದು ಮಣೆ, ಒಂದು ತಟ್ಟೆ, ಬಿಸಿ ಪಾಯಸ. ಅವಳ ಹಬ್ಬದ ತಟ್ಟೆಯಾದರೆ ಬಾಗಿಲು ತೆರೆದಿರಬೇಕು. ನಮ್ಮ ಎಡೆಯಾದರೆ ಮುಚ್ಚಬೇಕು. ಅಮ್ಮ ಬಾಗಿಲ ಚಿಲಕ ಹಿಡಿದು ನಿಂತಿದ್ದಾಳೆ.

“ಮುಸ್ಸಂಜೇಲಿ ಹೊಸಿಲ ಮೇಲೆ ಕೂರ್ಬಾರ್ದು, ಏಳೇ,” ಎನ್ನುತ್ತಿದ್ದಾಳೆ.

ಗೊತ್ತಿದ್ದೇ ಕೂತಿದ್ದೇನೆ. ನಾನು ಇಲ್ಲಿರುವವರೆಗೆ ಬಾಗಿಲು ಮುಚ್ಚಲು ಬರುವುದಿಲ್ಲ. ಹುಳದ ಮನೆಯಲ್ಲಿ ಈಗ ಬೆಳೆ ಇಲ್ಲ, ಆದ್ದರಿಂದ ಒಳಗೆ ಏನೇ ಸದ್ದಾದರೂ ಕೇಳಿಸುತ್ತದೆ. ಇಷ್ಟು ಹೊತ್ತು ಕೇಳಿಸಿಲ್ಲ. ಅಕ್ಕ ನಮಗೆ ಇಲ್ಲವಾಗಿದ್ದಾಳೆ, ಅದನ್ನು ಒಪ್ಪಿಕೊಂಡಿದ್ದೇನೆ. ಯಾವ ರೀತಿಯಲ್ಲಿ ಇಲ್ಲವಾದಳು ಎಂಬುದು ತಿಳಿಯದು. ಅದಕ್ಕೇ ದಿನಚರಿಯ ಈ ಪುಟವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ದೇವರಾಯಸಮುದ್ರದ ಶಾಲೆಯಲ್ಲಿ ಪಾಠ ಹೇಳಿ, ಸಂಕ್ರಾಂತಿ ಮುಗಿಸಿ ಹೋದ ಪೋಲೆಂಡಿನ ಹುಡುಗಿಯ ವಿಷಯ ಓದುಗರಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಹೆಚ್ಚೇನೂ ಬೇಡ. ಬಾಗಿಲು ತೆರೆದಿಡಬೇಕೋ ಮುಚ್ಚಬೇಕೋ, ಅಷ್ಟು ತಿಳಿಸಿದರೆ ಸಾಕು.