ಮುಚ್ಚಳ ಹಾಕದ ಬಿಸ್ಕತ್ತಿನ ಡಬ್ಬಿ

ಹೇಗ್ ನಗರದಲ್ಲಿ ಮಂತ್ರಿಗಳ ಸಭೆಗೆ ಕಾಫಿ ಕೊಡುತ್ತಿದ್ದವಳು ಹಿಲ್ಲೆಖೊಂಡ. ಕಪ್ಪಿಗೆ ಒಂದೇ ಬಿಸ್ಕತ್ತು. ಡಬ್ಬಿಯ ಮುಚ್ಚಳ ಬಿದ್ದಮೇಲೆ ದೇವರೇ ಬಂದರೂ ಎರಡನೆಯದಿಲ್ಲ. ಹೊಸ ಸಮ್ಮಿಶ್ರ ಸರ್ಕಾರದಲ್ಲಿ ಕ್ಯಾಥೊಲಿಕ್ಕರೂ ಪ್ರೊಟೆಸ್ಟೆಂಟರೂ ಸಮಾಜವಾದಿಗಳೂ ಒಂದೇ ಮೇಜಿಗೆ ಕೂತು ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದರು. ಆ ಗದ್ದಲ ಕಿವಿಗೆ ಬಿದ್ದರೇ ಅವಳಿಗೆ ನೆಮ್ಮದಿ.

ಜರ್ಮನರು ಪೋಲೆಂಡಿಗೆ ನುಗ್ಗಿದ ದಿನ ಕೋಣೆಯೊಳಗೆ ಉಸಿರಿನ ಸದ್ದೂ ಇರಲಿಲ್ಲ. ಕಾಫಿ ಇಟ್ಟವಳು ಡಬ್ಬಿಯನ್ನು ತೆರೆದೇ ಬಿಟ್ಟುಬಂದಳು.

ಸಂಜೆ ಅದನ್ನು ಕೇಳಿ ಗಂಡ ವೀಬ್ರನ್ ಕೆಣಕಿದ: "ತೆರೆದಿಟ್ಟು ಬಂದ್ಯಾ? ಅಷ್ಟೊತ್ತಿಗೆ ಡಬ್ಬಿ ಗುಡಿಸಿ ಗುಂಡಾಂತರ ಮಾಡಿರ್ತಾರೆ ಬಿಡೇ!"

"ಸುಮ್ನಿರ್ರೀ. ಕಪ್ಪು ತೆಗೆಯೋಕೆ ಹೋದಾಗ ನೋಡ್ದೆ, ಒಬ್ರೂ ಒಂದನ್ನೂ ಮುಟ್ಟಿಲ್ಲ."

ವೀಬ್ರನ್‌ನ ನಗು ನಿಂತಿತು.

"ಜಗಳಾನೂ ಆಡ್ಲಿಲ್ಲ ಕಣ್ರೀ," ಎಂದಳು ಅವಳು.