ಎತ್ತರಿಸಿ ಕಟ್ಟಿಸಿದ ಕಕ್ಕಸು

ಬುನಾದಿ ಕುಸಿಯಬಹುದಿತ್ತು. ಗೋಡೆ ಬಿರುಕು ಬಿಡಬಹುದಿತ್ತು. ಮಳೆಗಾಲದಲ್ಲಿ ಗಂಗೆ ಉಕ್ಕಿ ಅಂಗಳಕ್ಕೆ ಬರಬಹುದಿತ್ತು. ಬಂದವಳು ವಾಪಸು ಹೋಗುವಾಗ ತಳದ ಮರಳನ್ನೂ ಜೊತೆಗೆ ಒಯ್ದು ಮನೆಯನ್ನು ಒಂದು ಪಕ್ಕಕ್ಕೆ ವಾಲಿಸಬಹುದಿತ್ತು. ಕಕ್ಕಸಿನ ಗುಂಡಿಯ ನೀರು ಬಾವಿಗೆ ಇಳಿದು ಸೋದರತ್ತೆಯ ಮಡಿಯೂ ನಮ್ಮ ಹೊಟ್ಟೆಯೂ ಒಟ್ಟಿಗೆ ಕೆಡಬಹುದಿತ್ತು. ಗೆದ್ದಲು ಹತ್ತಬಹುದಿತ್ತು. ಎಪ್ಪತ್ತರ ದಶಕದಲ್ಲಿ ಕಾಶಿಯ ಲಂಕಾ ಪೇಟೆಯಾಚೆಯ ಬಯಲಿನಲ್ಲಿ ಮನೆ ಕಟ್ಟಿಸುವಾಗ ನಾನು ಇವಿಷ್ಟನ್ನೂ ಪ್ರತಿದಿನ ಹೆಂಡತಿಗೆ ಒಪ್ಪಿಸುತ್ತಿದ್ದೆ. ಅವಳು ಅಕ್ಕಿ ಆರಿಸುತ್ತಲೇ, "ಭೂಕಂಪ ಬಿಟ್ರಲ್ಲ" ಎಂದಳು ಒಮ್ಮೆ. ಅಂದಿನಿಂದ ಭೂಕಂಪವೂ ಸೇರಿತು.

ನಾನು ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಹೇಳುತ್ತಿದ್ದವನು. ಒಂದು ಭಯದಿಂದ ಇನ್ನೊಂದು ಭಯವನ್ನು ಸಾಧಿಸುವುದು ಬಿಟ್ಟರೆ ಮನೆ ಕಟ್ಟಿಸಲು ಬೇಕಾದ ಯಾವ ವಿದ್ಯೆಯೂ ನನ್ನಲ್ಲಿರಲಿಲ್ಲ. ಮನೆ ಬೇಕಾಗಿದ್ದದ್ದು ಸೋದರತ್ತೆಗಾಗಿ. ತಂದೆಯ ಅಕ್ಕ, ಗಂಡ ಸತ್ತ ಮೇಲೆ ನಮ್ಮಲ್ಲಿಗೆ ಬಂದು ನನ್ನನ್ನು ಸಾಕಿ, ಕಡೆಗಾಲ ಕಾಶಿಯಲ್ಲೇ ಆಗಲೆಂದು ಹನುಮಾನ್ ಘಾಟಿನ ಒಂದು ಮಹಡಿ ಕೋಣೆಯಲ್ಲಿದ್ದಳು. ಮಂಡಿ ನೋವು ಹೆಚ್ಚಾಗಿ ಅಲ್ಲಿ ಹತ್ತಿಳಿಯುವುದು ಆಗದಂತಾಯಿತು. ನಮ್ಮ ಬಾಡಿಗೆ ಮನೆಯೂ ಮೇಲಂತಸ್ತಿನದು. ನೆಲಮಟ್ಟದಲ್ಲೊಂದು ಮನೆ ಮಾಡಿ ಅವಳನ್ನು ಸುಖವಾಗಿ ಇಟ್ಟುಕೊಳ್ಳಬೇಕೆಂಬುದೊಂದೇ ನನ್ನ ಹಟ. ಅವಳು ಕೇಳಿದ್ದೂ ಒಂದೇ.

"ಅಲ್ಲಿ ಮಣ್ಣಿದೆಯೇನೋ? ಇಲ್ಲಿ ಬರೀ ಕಲ್ಲು ಕಣೋ. ಒಂದು ಹೀರೆ ಬಳ್ಳಿ ಹಬ್ಬಿಸೋಣ ಅಂದ್ರೆ ಚಿಟಿಕೆ ಮಣ್ಣಿಲ್ಲ."

ಮಣ್ಣಿತ್ತು. ಮಣ್ಣಲ್ಲದೆ ಬೇರೇನೂ ಇಲ್ಲವೆಂಬುದೇ ನನ್ನ ಚಿಂತೆ. ನಮ್ಮ ಮೈಸೂರು ಕಡೆ ಸ್ವಲ್ಪ ಅಗೆದರೆ ಹಾರೆ ಠಣ್ ಎನ್ನುತ್ತದೆ; ಮನಸ್ಸಿಗೂ ಸಮಾಧಾನ. ಇಲ್ಲಿ ಗಂಗೆ ತಂದು ಸುರಿದ ಮೆಕ್ಕಲು. ಎಷ್ಟು ಅಗೆದರೂ ಒಂದು ಬೆಣಚುಕಲ್ಲಿಲ್ಲ, ಗುದ್ದಲಿ ಮೊಸರಿಗೆ ಇಳಿದ ಹಾಗೆ ಇಳಿಯುತ್ತಿತ್ತು. ಅದರ ಕೆಳಗೆ ಮರಳು. ಊರಿನಲ್ಲಿ ಕಂಡಂತೆ ಕಕ್ಕಸಿನ ಗುಂಡಿಯನ್ನು ನೆಟ್ಟಗೆ ತೋಡಿಸಿ ಬಿಟ್ಟೆ. ಒಂದೇ ಮಳೆಗೆ ಅದರ ಪಕ್ಕಗಳೆಲ್ಲ ಒಳಕ್ಕೆ ಕೂತವು. ಸುತ್ತ ಇಟ್ಟಿಗೆ ಕಟ್ಟಿದರಾಯಿತು ಎಂದ ಮೇಸ್ತ್ರಿ. ಅವನು ಎಲ್ಲದಕ್ಕೂ "ಹೋ ಜಾಯೀ, ಬಾಬೂಜಿ" ಎನ್ನುವವನು. ಆಗುತ್ತದೆ ಎನ್ನುವವರನ್ನು ನಾನು ಎಂದೂ ನಂಬಿದವನಲ್ಲ.

ಆ ಮಳೆಗಾಲದಲ್ಲೇ ಪಕ್ಕದ ಮನೆಯವರ ಕಕ್ಕಸಿನ ಟ್ಯಾಂಕು ಕೈಕೊಟ್ಟಿತು. ನದಿ ಏರಿದಂತೆ ನೆಲದೊಳಗಿನ ನೀರೂ ಏರಿ, ಗುಂಡಿ ಇಂಗಿಸಿಕೊಳ್ಳುವುದನ್ನೇ ನಿಲ್ಲಿಸಿ, ಸುರಿದದ್ದೆಲ್ಲ ವಾಪಸು ಬರುತ್ತಿತ್ತು. ಆ ಸಂಭಾವಿತರು ಲೋಟಾ ಹಿಡಿದು ಬಯಲಿಗೆ ಹೋಗುವುದನ್ನು ಕಂಡವನೇ ತೀರ್ಮಾನಿಸಿದೆ: ಗುಂಡಿ ಬಾವಿಯಿಂದ ದೂರ, ಹಿತ್ತಿಲ ಕೊನೆಗೆ, ಟ್ಯಾಂಕು ನೆಲಕ್ಕಿಂತ ಮೇಲೆ, ಕಕ್ಕಸು ಅದಕ್ಕೂ ಮೇಲೆ. ಎತ್ತರ ಎಷ್ಟೆಂದು ಕೈಯಲ್ಲಿ ತೋರಿಸಿದಾಗ ಮೇಸ್ತ್ರಿ ಕರಣೆ ಕೆಳಗಿಟ್ಟ. "ಸಿಂಘಾಸನ್ ಬನೀ ಕಾ, ಬಾಬೂಜಿ?" ಸಿಂಹಾಸನವೇ ಆಗಲಿ ಎಂದು ಇನ್ನೊಂದು ವರಸೆ ಇಟ್ಟಿಗೆ ಹೆಚ್ಚಿಗೆ ಹಾಕಿಸಿದೆ. ಜಾಗ ಸಾಲದೆ ಮುಂದಿನ ಮೆಟ್ಟಿಲುಗಳು ಕಡಿದಾದವು. ನೀರು ಯಾವ ಕಡೆ ಹರಿಯುತ್ತದೆ ಎಂಬುದರಲ್ಲಿ ಮುಳುಗಿದ್ದವನಿಗೆ ಮೆಟ್ಟಿಲು ಯಾರು ಹತ್ತುತ್ತಾರೆ ಎಂಬುದು ಹೊಳೆಯಲಿಲ್ಲ.

ಅತ್ತೆ ಬಂದಳು. ಎರಡು ಮಳೆಗಾಲ ಕಳೆದವು. ಮನೆ ಕೂತಲ್ಲೇ ಕೂತಿತ್ತು, ಬಾವಿಯ ನೀರು ತಿಳಿಯಾಗಿತ್ತು, ಕಕ್ಕಸಿನಿಂದ ಏನೂ ವಾಪಸು ಬರಲಿಲ್ಲ. ಆ ಮಣ್ಣಿನಲ್ಲಿ ಹೀರೆ, ಪಡವಲ ಎಲ್ಲ ನಾಚಿಕೆಗೆಟ್ಟು ಹಬ್ಬಿದವು. ದೊಡ್ಡಪತ್ರೆ ಮಾತ್ರ ಬೇರು ಕೊಳೆತು ಸತ್ತಿತು. ಅತ್ತೆ ಇಟ್ಟಿಗೆ ಚೂರು ಬೆರೆಸಿ ಕುಂಡದಲ್ಲಿ ನೆಟ್ಟು ಅದನ್ನೂ ಉಳಿಸಿದಳು. ಸಂಜೆ ಹೆಂಡತಿ ನೀರು ಸೇದಿ ಕೊಟ್ಟರೆ ಅವಳು ಮಣೆಯ ಮೇಲೆ ಕೂತು ಪಾತಿ ಪಾತಿಗೂ ತಂಬಿಗೆಯಿಂದ ಹನಿಸುತ್ತಿದ್ದಳು.

ತಾನು ಮಾತ್ರ ಮಧ್ಯಾಹ್ನದ ಮೇಲೆ ಏನನ್ನೂ ಮುಟ್ಟುತ್ತಿರಲಿಲ್ಲ. ಒಪ್ಪೊತ್ತಿನ ಊಟ ಮೊದಲಿನಿಂದಲೂ ಇತ್ತು. ಇಲ್ಲಿಗೆ ಬಂದ ಮೇಲೆ ನೀರು, ಮಜ್ಜಿಗೆಯನ್ನೂ ಬಿಟ್ಟಳು. ಕಾಶಿಯಲ್ಲಿ ಆ ವಯಸ್ಸಿನ ವಿಧವೆ ಏನನ್ನಾದರೂ ಬಿಟ್ಟರೆ ಯಾರೂ ಕಾರಣ ಕೇಳುವುದಿಲ್ಲ. ನಾವೂ ಕೇಳಲಿಲ್ಲ. ಮನೆಗೆ ಬಂದ ಕನ್ನಡದವರ ಮುಂದೆ, ನಮ್ಮತ್ತೆಯ ವ್ರತ ಬಹಳ ಕಟ್ಟುನಿಟ್ಟು ಎಂದು ನಾನು ಹೆಮ್ಮೆಪಟ್ಟದ್ದೂ ಉಂಟು.

ಬೇಸಗೆಯ ಒಂದು ಸಂಜೆ, ಬಿಸಿಗಾಳಿ ಇನ್ನೂ ಬೀಸುತ್ತಿರುವಾಗ, ಹೀರೆ ಚಪ್ಪರದಡಿ ಅವಳಿಗೆ ತಲೆ ಸುತ್ತಿತು. ತುಟಿ ಒಣಗಿ ಬಿಳಿಚಿತ್ತು. ಬಾವಿಯ ನೀರು ಕೊನೆಗೂ ಕೆಟ್ಟಿತೆಂದು ನಾನು ಡಾಕ್ಟರನ್ನು ಕರೆತರಲು ಸೈಕಲ್ಲು ತೆಗೆದೆ. ಹೆಂಡತಿ ಪಾನಕ ತಂದು ಅತ್ತೆಯ ಮುಂದೆ ಹಿಡಿದು, ಇದು ಯಾವ ದೇವರ ವ್ರತ ಹೇಳಿ, ನಾನೂ ಹಿಡಿಯುತ್ತೇನೆ ಎಂದು ಪಟ್ಟು ಹಿಡಿದಳು.

"ವ್ರತ ಏನು ಬಂತು," ಎಂದಳು ಅತ್ತೆ. "ಕುಡಿದ್ರೆ ಕತ್ತಲಾದ ಮೇಲೆ ಹೋಗಬೇಕಾಗತ್ತೆ. ಆ ಮೆಟ್ಟಿಲು ನನ್ನ ಕೈಲಾಗಲ್ಲ ತಾಯಿ. ಬೆಳಕಿದ್ದಾಗ ಹೇಗೋ ಗೋಡೆ ಹಿಡಕೊಂಡು ಹತ್ತಿ ಇಳೀತೀನಿ."

ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಅವಳು ಉತ್ತರ ಕೊಟ್ಟದ್ದು ಹೆಂಡತಿಗೆ.

"ಇವನಿಗೆ ಹೇಳೋದಾ? ಹೇಳಿದ ಕೂಡಲೇ ಒಡೆದು ತಗ್ಗಿಸ್ತಾನೆ. ಆಮೇಲೆ ಮಳೆಗಾಲ ಪೂರ್ತಿ ನೀರು ವಾಪಸು ಬರತ್ತೆ ಅಂತ ನಿದ್ದೆ ಮಾಡಲ್ಲ. ಇವನನ್ನ ಚಿಕ್ಕಂದಿನಿಂದ ನೋಡಿದೀನಲ್ಲ."

ಲೋಟ ಎತ್ತಿ ಅರ್ಧ ಕುಡಿದು ಕೆಳಗಿಟ್ಟಳು. ಇನ್ನರ್ಧ ಕುಡಿಯಿರೆಂದು ಹೆಂಡತಿ ಬಲವಂತ ಮಾಡಿದಳು. ನನಗೆ ಬಲವಂತ ಮಾಡುವ ಧೈರ್ಯ ಬರಲಿಲ್ಲ. ಆಗಲೇ ಹೊತ್ತು ಮುಳುಗುತ್ತಿತ್ತು.